ಓಟು ಕೇಳುವ ರಾಜ್ಯಪಾಲ

ಕನ್ನಡ ಪಾಠ ಹೇಳುವವರಿಗೆ ಅಂಟುವ ರೋಗಗಳಲ್ಲಿ ಒಂದು, ಹೋದಲ್ಲೆಲ್ಲ ಕಂಡದ್ದಕ್ಕೆಲ್ಲ ಕನ್ನಡದ ಮಾತು ಹುಡುಕುವುದು. ಈ ರೋಗದ ದೆಸೆಯಿಂದಲೇ 2018ರ ನವೆಂಬರಿನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಪಟ್ಟಣದಲ್ಲಿ, ನಮ್ಮ ತಾಯಿಯವರೆದುರು ನಾನು ಸೋಲೊಪ್ಪಿಕೊಳ್ಳಬೇಕಾಯಿತು.

ತಂಗಿಯ ಬಾಣಂತನಕ್ಕೆಂದು ಹೊರಟ ಅವರಿಗೆ ಜೊತೆಯಾಗಿ ನಾನು ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಎರಡು ದೊಡ್ಡ ಸರೋವರಗಳ ನಡುವೆ ಬಿಳಿಯ ಗುಮ್ಮಟದ ಶಾಸನ ಭವನ. ಬೀದಿಯಲ್ಲಿ ಎಲೆ ಉದುರಿಸಿಕೊಂಡು ನಿಂತ ಮರಗಳು. ಮನೆಮನೆಯ ಮುಂದಿನ ಹುಲ್ಲಿನಲ್ಲಿ ಹೆಸರು ಬರೆದು ನೆಟ್ಟ ಪುಟ್ಟ ಪುಟ್ಟ ಹಲಗೆಗಳು.

"ಇಷ್ಟೊಂದು ಮನೆ ಬಾಡಿಗೆಗಿವೆಯೇನೋ ಇಲ್ಲಿ?" ಎಂದರು ತಾಯಿ.

"ಬಾಡಿಗೆ ಅಲ್ಲಮ್ಮ, ಚುನಾವಣೆ. ಈ ರಾಜ್ಯಪಾಲರನ್ನ ಆರಿಸೋ ಚುನಾವಣೆ."

"ರಾಜ್ಯಪಾಲರಿಗೆ ಯಾರಾದರೂ ಓಟು ಹಾಕ್ತಾರೆಯೇ? ಅವರನ್ನ ದಿಲ್ಲಿಯಿಂದ ಕಳಿಸ್ತಾರಲ್ಲೋ!"

ನಮ್ಮಲ್ಲಿ ಕಳಿಸುತ್ತಾರೆ, ಇಲ್ಲಿ ಆರಿಸುತ್ತಾರೆ ಎಂದೆ. ಹಾಗಾದರೆ ಮುಖ್ಯಮಂತ್ರಿ ಅನ್ನು ಎಂದರು. ಅದೂ ಹೊಂದುವುದಿಲ್ಲ. ಮುಖ್ಯಮಂತ್ರಿಗೆ ಸಭೆಯ ಬಹುಮತ ಬೇಕು, ಇವರಿಗೆ ಬೇಡ. ಎದುರು ಪಕ್ಷದವರೇ ಸಭೆಯನ್ನು ತುಂಬಿಕೊಂಡಿದ್ದರೂ ನಾಲ್ಕು ವರ್ಷ ಕುರ್ಚಿ ಇವರದೇ. ತಾಯಿ ಒಂದು ಗಳಿಗೆ ಯೋಚಿಸಿ, "ಹಾಗಾದರೆ ನಾಲ್ಕು ವರ್ಷದ ಮಹಾರಾಜ" ಎಂದು ತೀರ್ಮಾನಿಸಿದರು. ಪಾರಿಭಾಷಿಕ ಪದಕೋಶದವರು ಒಪ್ಪಲಿಕ್ಕಿಲ್ಲ; ನನಗಂತೂ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ತಾಯಿಯವರ ಮಟ್ಟಿಗೆ ರಾಜ್ಯಪಾಲ ಪದವಿಗೂ ಮಹಾರಾಜರಿಗೂ ಹಳೆಯ ನಂಟಿದೆ. ಜಯಚಾಮರಾಜ ಒಡೆಯರು 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ಆಮೇಲೆ ಅದೇ ಹುದ್ದೆಯಲ್ಲಿ ಮದರಾಸಿಗೆ ಹೋದರು. "ಮಹಾರಾಜರನ್ನೇ ವರ್ಗ ಮಾಡಿಬಿಟ್ಟರು" ಎಂದು ಅವರ ಮನೆಯಲ್ಲಿ ದೊಡ್ಡವರು ಬೇಸರಪಟ್ಟದ್ದು ತಾಯಿಗೆ ಇಂದಿಗೂ ನೆನಪು. ಮುಂದೆ ಸರ್ಕಾರಿ ಶಾಲೆಯ ಮೇಷ್ಟರ ಕೈಹಿಡಿದು, ಪಾತ್ರೆಪಗಡವನ್ನು ಗೋಣಿಚೀಲಕ್ಕೆ ತುಂಬಿಕೊಂಡು ಏಳು ಊರು ಸುತ್ತಿದವರು ಅವರು. ಲೋಕದಲ್ಲಿ ವರ್ಗವಾಗುವವರು, ವರ್ಗ ಮಾಡುವವರು ಎಂಬ ಎರಡೇ ಜಾತಿಯೆಂದು ಅವರ ಮತ.

ಇನ್ನೊಂದು ಮಾತೂ ನನ್ನನ್ನು ಕಾಡಿತು. ನಮ್ಮಲ್ಲಿ ಮಧ್ಯಾವಧಿ ಚುನಾವಣೆ ಎಂದರೆ ಸರ್ಕಾರ ಮುರಿದುಬಿತ್ತು, ಅಕಾಲದಲ್ಲಿ ಓಟು ಬಂತು ಎಂದರ್ಥ. ಅಮೆರಿಕದಲ್ಲಿ ಅದು ಅಧ್ಯಕ್ಷರ ನಾಲ್ಕು ವರ್ಷಗಳ ನಟ್ಟನಡುವೆ, ನವೆಂಬರಿನ ಮೊದಲ ಸೋಮವಾರ ಕಳೆದ ಮಂಗಳವಾರ, ಪಂಚಾಂಗ ನೋಡಿದಂತೆ ಬರುವ ಚುನಾವಣೆ. ಐವತ್ತು ರಾಜ್ಯಗಳಲ್ಲಿ 36 ರಾಜ್ಯಗಳು ತಮ್ಮ ರಾಜ್ಯಪಾಲರನ್ನು ಆರಿಸುವುದು ಅಂದೇ. 2018ರಲ್ಲಿ ಆ ಮಂಗಳವಾರ ನವೆಂಬರ್ 6, ನಮ್ಮ ನರಕ ಚತುರ್ದಶಿ.

ಎಣ್ಣೆಸ್ನಾನ ಮುಗಿಸಿ ಕೂತಿದ್ದಾಗ ಪಕ್ಕದ ಮನೆಯಾಕೆ ಮಗುವನ್ನು ನೋಡಲು ಬಂದರು. ನಿವೃತ್ತ ಶಾಲಾ ಶಿಕ್ಷಕಿ. ಆಗಲೇ ಓಟು ಹಾಕಿ ಬಂದಿದ್ದರು. ಸ್ಪರ್ಧೆಯಲ್ಲಿದ್ದವರು ಎರಡು ಅವಧಿ ಆಳಿದ್ದ ಸ್ಕಾಟ್ ವಾಕರ್, ಮತ್ತು ಟೋನಿ ಎವರ್ಸ್. ಎವರ್ಸ್ ಮೊದಲು ಶಾಲೆಯ ಮೇಷ್ಟರು, ಆಮೇಲೆ ಹೆಡ್ ಮಾಸ್ಟರು, ಕೊನೆಗೆ ರಾಜ್ಯದ ಶಾಲೆಗಳಿಗೆಲ್ಲ ಮೇಲಧಿಕಾರಿ. ಆ ಕೊನೆಯ ಹುದ್ದೆಗೂ ಅಲ್ಲಿ ಓಟಂತೆ. ಆಕೆಗೆ ವಾಕರ್ ಮೇಲೆ ಏಳು ವರ್ಷದ ಕೋಪ. 2011ರಲ್ಲಿ ಅವರು ತಂದ ಕಾನೂನು ಮೇಷ್ಟರುಗಳೂ ಸೇರಿ ಬಹುಪಾಲು ಸರ್ಕಾರಿ ನೌಕರರ ಸಂಘಗಳು ಕೂತು ಮಾತಾಡಿ ಷರತ್ತು ಗಳಿಸುವ ಹಕ್ಕನ್ನು ಮೊಟಕುಮಾಡಿತು. ಪಿಂಚಣಿಗೂ ವಿಮೆಗೂ ಸಂಬಳದಿಂದ ಹೆಚ್ಚು ಮುರಿಯಿತು. ಜನ ವಾರಗಟ್ಟಲೆ ಶಾಸನ ಭವನದೊಳಗೆ ಕೂತರು. ಎದುರು ಪಕ್ಷದ 14 ಮಂದಿ ಸೆನೆಟರುಗಳು ಕೋರಂ ತಪ್ಪಿಸಲು ಗಡಿ ದಾಟಿ ಇಲಿನಾಯ್‌ಗೆ ಹೋಗಿ ಕೂತರು. (ಶಾಸಕರು ಊರುಬಿಟ್ಟು ರೆಸಾರ್ಟು ಸೇರುವುದು ನಮ್ಮದೇ ಅನ್ವೇಷಣೆ ಎಂದುಕೊಂಡಿದ್ದ ನನಗೆ ಕೊಂಚ ಗರ್ವಭಂಗವಾಯಿತು.) ಕಾನೂನು ನಿಂತೇ ನಿಂತಿತು. ಆಗ ಜನ 9 ಲಕ್ಷಕ್ಕೂ ಮಿಗಿಲಾಗಿ ಸಹಿ ಕೂಡಿಸಿ, ರಾಜ್ಯಪಾಲರನ್ನು ವಾಪಸು ಕರೆಸುವ ಚುನಾವಣೆಯನ್ನು 2012ರ ಜೂನ್‌ನಲ್ಲಿ ನಡೆಸಿಯೇಬಿಟ್ಟರು. ಹಿಮದಲ್ಲಿ ಮನೆಮನೆ ತಿರುಗಿದವರಲ್ಲಿ ಆಕೆಯೂ ಒಬ್ಬರು. ವಾಕರ್ ಅದರಲ್ಲೂ ಗೆದ್ದರು; 2014ರಲ್ಲಿ ಮತ್ತೆ ಗೆದ್ದರು.

"ಗೆದ್ದರಾ? ಹಾಗಾದರೆ ಜನಕ್ಕೆ ಬೇಕಾಗಿದ್ದರು ಅನ್ನು" ಎಂದರು ತಾಯಿ. ತಂಗಿ ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆಕೆ ನಗಲಿಲ್ಲ, ಮುನಿಯಲೂ ಇಲ್ಲ. "ಹೌದು, ಆಗ ಬೇಕಾಗಿದ್ದರು" ಎಂದರು.

ಈ ಮಾತು ನನಗೆ ನಾಟಿದ್ದಕ್ಕೆ ಕಾರಣವಿದೆ. ಅದೇ ವರ್ಷದ ಮೇ 12ರಂದು, ನಮ್ಮ ವಿಧಾನಸಭೆಯ ಚುನಾವಣೆಯಲ್ಲಿ, ನಾನು ಒಂದು ಹಳ್ಳಿಯ ಮತಗಟ್ಟೆಯ ಅಧಿಕಾರಿಯಾಗಿದ್ದೆ. ಸಾಲಿನಲ್ಲಿ ನಿಂತ ಮುದುಕಿಯರಿಗೆ ಕುರ್ಚಿ ಹಾಕಿಸಿ, ರಾತ್ರಿ ಯಂತ್ರಕ್ಕೆ ಅರಗಿನ ಮುದ್ರೆಯೊತ್ತಿ ಒಪ್ಪಿಸಿ, ಬೆಳಗಿನ ಜಾವ ಮನೆ ಸೇರಿದೆ. ಯಾರಿಗೂ ಬಹುಮತ ಬರಲಿಲ್ಲ. ಮುಂದೆ ಎಲ್ಲರ ಕಣ್ಣೂ ರಾಜಭವನದ ಮೇಲೆ. ದೊಡ್ಡ ಪಕ್ಷದ ನಾಯಕರನ್ನು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿಯಲ್ಲಿ ಬಾಗಿಲು ತೆರೆದು ಕೂತಿತು. ಗಡುವು ಮೇ 19ಕ್ಕೆ ಇಳಿಯಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಯಾವ ಪಕ್ಷದ ಪರವಾಗಿಯೂ ನಾನು ಈ ಮಾತು ಆಡುತ್ತಿಲ್ಲ. ಆದರೆ ನಾನು ಮುದ್ರೆಯೊತ್ತಿದ ಮತಗಳ ಅರ್ಥ ಹೇಳುವ ಮೊದಲ ಅಧಿಕಾರ, ಯಾರೂ ಮತ ಹಾಕದ ಒಬ್ಬರ ಕೈಗೆ ಹೋದದ್ದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಆ ರಾತ್ರಿ ಮ್ಯಾಡಿಸನ್ನಿನಲ್ಲಿ ಟಿ.ವಿ. ಮುಂದೆ ಕೂತು, ನಾವೇಕೆ ಹೀಗೆ ಮಾಡಿಕೊಳ್ಳಲಿಲ್ಲ ಎಂದು ಭಾವನೊಡನೆ ವಾದಿಸಿದೆ. ಮಾಡಿಕೊಳ್ಳಲು ಹೊರಟಿದ್ದೆವು ಎಂಬುದು ತಿಳಿದದ್ದು ಊರಿಗೆ ಮರಳಿ ಪುಸ್ತಕ ತೆಗೆದ ಮೇಲೆ. ನಮ್ಮ ಸಂವಿಧಾನ ರಚನಾಸಭೆ 1947ರಲ್ಲಿ ರಾಜ್ಯಪಾಲರನ್ನು ಜನರೇ ಆರಿಸಬೇಕೆಂದು ಒಪ್ಪಿತ್ತು. 1949ರ ಮೇ ಕೊನೆಯಲ್ಲಿ ಮನಸ್ಸು ಬದಲಿಸಿ, ನೇಮಕವೇ ಇರಲಿ ಎಂದಿತು. ನೆಹರೂ ಅವರೂ ಅದಕ್ಕೆ ಒಪ್ಪಿದರು. ಜನ ಆರಿಸಿದ ಮುಖ್ಯಮಂತ್ರಿ ಒಬ್ಬ, ಜನರೇ ಆರಿಸಿದ ರಾಜ್ಯಪಾಲ ಇನ್ನೊಬ್ಬ. ಇಬ್ಬರೂ ಜನರ ಹೆಸರು ಹೇಳಿ ಎಳೆದಾಡಿದರೆ ಗತಿಯೇನು ಎಂಬುದು ಅವರ ಭಯ. ಹೀಗಾಗಿ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಹುದ್ದೆ ಎಂದಾಯಿತು. ಆ ಭಯ ಹುಸಿಯಲ್ಲ. ಆದರೆ ತಪ್ಪಿಸಿಕೊಂಡ ಎಳೆದಾಟ ಇನ್ನೊಂದು ಬಾಗಿಲಿನಿಂದ ಬಂತು. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ಹೋದದ್ದು ರಾಜ್ಯಪಾಲರ ವರದಿಯಿಂದ. ಬಹುಮತವನ್ನು ಸದನದಲ್ಲೇ ಅಳೆಯಬೇಕೆಂದು ಸುಪ್ರೀಂ ಕೋರ್ಟು ಹೇಳಲು 1994ರವರೆಗೆ ಕಾಯಬೇಕಾಯಿತು.

ಮ್ಯಾಡಿಸನ್ನಿನ ಆ ರಾತ್ರಿಗೆ ಮರಳುತ್ತೇನೆ. ಹನ್ನೆರಡು ಹೊಡೆದರೂ ಇಬ್ಬರೂ ಸಮಸಮ. ಆಮೇಲೆ ಮಿಲ್ವಾಕಿ ನಗರದಲ್ಲಿ ಮುಂಚಿತವಾಗಿ ಹಾಕಿದ್ದ 45 ಸಾವಿರಕ್ಕೂ ಹೆಚ್ಚು ಮತಗಳ ಲೆಕ್ಕ ಬಂತು, ಮೇಷ್ಟರು ಮುಂದಾದರು. 26 ಲಕ್ಷಕ್ಕೂ ಮಿಗಿಲಾದ ಮತಗಳಲ್ಲಿ ಗೆಲುವಿನ ಅಂತರ 29 ಸಾವಿರ ಚಿಲ್ಲರೆ, ನೂರಕ್ಕೆ 1.1. ಅಂತರ ನೂರಕ್ಕೆ 1ರೊಳಗಿದ್ದರೆ ಮಾತ್ರ ಸೋತವರು ಮರುಎಣಿಕೆ ಕೇಳಬಹುದೆಂಬ ಕಾನೂನಿಗೆ ಹಿಂದಿನ ವರ್ಷ ಸಹಿ ಹಾಕಿದ್ದವರು ವಾಕರ್ ಅವರೇ. ಬೆಳಗ್ಗೆ ಅಮಾವಾಸ್ಯೆಯ ಪೂಜೆಗೆ ಅಣಿಮಾಡುತ್ತಿದ್ದ ತಾಯಿಗೆ ಇದನ್ನು ಹೇಳಿದರೆ, "ತಾನೇ ಹೊಲಿದ ಅಂಗಿ, ತನಗೇ ಹಿಡೀಲಿಲ್ಲ" ಎಂದರು.

ನನ್ನ ಉತ್ಸಾಹ ಡಿಸೆಂಬರಿನವರೆಗೆ ಬಾಳಿತು. ಹೊಸಬರು ಅಧಿಕಾರಕ್ಕೆ ಬರುವ ಮೊದಲೇ, ವಾಕರ್ ಪಕ್ಷದ ಹಿಡಿತದಲ್ಲಿದ್ದ ಶಾಸನಸಭೆ ರಾತ್ರಿಯೆಲ್ಲ ಕೂತು ಬರಲಿರುವ ರಾಜ್ಯಪಾಲರ ಅಧಿಕಾರಗಳನ್ನು ಕತ್ತರಿಸಿತು. ಹೋಗುವವರು ಅದಕ್ಕೆ ಸಹಿ ಹಾಕಿಯೇ ಹೋದರು. 1949ರಲ್ಲಿ ನಮ್ಮ ಹಿರಿಯರು ಹೆದರಿದ್ದು ಇಂಥದಕ್ಕೇ ಇರಬೇಕು.

ಮೇಷ್ಟರೂ ಸಾಮಾನ್ಯರಲ್ಲ. 2022ರ ನಡುಗಾಲದ ಚುನಾವಣೆಯಲ್ಲಿ ಮತ್ತೆ ಗೆದ್ದ ಮೇಲೆ ಅವರು ಮಾಡಿದ ಒಂದು ಕೆಲಸ, ಪ್ರೂಫು ತಿದ್ದಿ ಬಲ್ಲವರೆಲ್ಲ ಬೆರಗಾಗುವಂಥದು. ಆ ರಾಜ್ಯದಲ್ಲಿ ಹಣಕಾಸಿನ ಮಸೂದೆಯ ಕೆಲವು ಭಾಗಗಳನ್ನು ಹೊಡೆದುಹಾಕುವ ಅಧಿಕಾರ 1930ರಿಂದ ರಾಜ್ಯಪಾಲರಿಗಿದೆ. ಹಿಂದಿನವರು ಅಕ್ಷರಗಳನ್ನೇ ಹೊಡೆದು ಹೊಸ ಪದ ಕಟ್ಟುತ್ತಿದ್ದರಂತೆ. 1990ರಲ್ಲಿ ಅದನ್ನು ನಿಷೇಧಿಸಿದರು. ಅಂಕಿಯ ಮಾತು ಯಾರಿಗೂ ಹೊಳೆಯಲಿಲ್ಲ. 2023ರಲ್ಲಿ ಶಾಲೆಗಳು ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ 325 ಡಾಲರಿನಂತೆ ವರಮಾನದ ಮಿತಿ ಏರಿಸಿಕೊಳ್ಳುವ ಅವಕಾಶ 2024-25ರವರೆಗೆ ಎಂದಿತ್ತು. ಎವರ್ಸ್ ಒಂದು 20ನ್ನೂ ಒಂದು ಅಡ್ಡಗೆರೆಯನ್ನೂ ಹೊಡೆದರು. ಉಳಿದದ್ದು 2425. ನಾನೂರು ವರ್ಷ! ರಾಜ್ಯದ ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಅದನ್ನು ನಾಲ್ಕಕ್ಕೆ ಮೂರರಂತೆ ಎತ್ತಿಹಿಡಿಯಿತು. ಶಾಲೆಗಳಿಗೆ ಒಳ್ಳೆಯದಾಯಿತೆಂದು ಮೇಷ್ಟರ ಮಗನಾದ ನನಗೆ ಸಂತೋಷವೇ. ಹಾಗಿದ್ದೂ ಶಾಸನಸಭೆ ಬರೆದ ವಾಕ್ಯವನ್ನು ಹೀಗೆ ತಿದ್ದಬಲ್ಲ ಪೆನ್ಸಿಲು ನಾಳೆ ಯಾರ ಕೈಗೆ ಹೋದೀತೋ ಎಂಬ ಅಳುಕೂ ಇದೆ. ಲಿಪಿಕಾರನ ಒಂದು ಅಕ್ಷರ ಜಾರಿದ್ದಕ್ಕೆ ತಿಂಗಳುಗಟ್ಟಲೆ ಜಗಳವಾಡುವ ಜನ ನಾವು.

ತಾವು 2026ರಲ್ಲಿ ಮತ್ತೆ ನಿಲ್ಲುವುದಿಲ್ಲವೆಂದು ಎವರ್ಸ್ 2025ರ ಜುಲೈನಲ್ಲಿ ಹೇಳಿದರು. ಪತ್ರಿಕೆಯಲ್ಲಿ ನೋಡಿ ತಾಯಿಗೆ ತಿಳಿಸಿದೆ. ಶ್ರಾವಣಕ್ಕೆಂದು ಹೂಬತ್ತಿ ಹೊಸೆಯುತ್ತ ಕೂತಿದ್ದರು.

"ಅವರಾಗಿ ಅವರೇ ಹೇಳಿದರಾ?"

"ಹೌದಮ್ಮ."

"ಎಲ್ಲಿಗೂ ವರ್ಗ ಮಾಡಲಿಲ್ಲ ತಾನೆ?"

ಇಲ್ಲವೆಂದೆ. ತಾಯಿ ಬತ್ತಿಯ ತುದಿಗೆ ಹಾಲು ಸೋಕಿಸಿ ತಿರುವಿ, ಇನ್ನೊಂದಿಷ್ಟು ಹತ್ತಿ ಬಿಡಿಸಿಕೊಂಡರು.