ಅಟ್ಟದ ಮೇಲಿಡೋಕಾಗೋ ಆಟ

ನಮ್ಮನೆ ಕ್ಯಾಲೆಂಡರಲ್ಲಿ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕ, ಏಕಾದಶಿ ಇವಿಷ್ಟಕ್ಕೇ ಪೆನ್ನಲ್ಲಿ ಗುರುತು ಬೀಳೋದು. ಈ ಸಲ 2025ರ ಜೂನ್ 5ಕ್ಕೂ ಒಂದು ದೊಡ್ಡ ಸುತ್ತು ಬಿದ್ದಿದೆ. ಮಗನ ಕೆಲಸ. ಅವತ್ತು ನಿಂಟೆಂಡೋ ಸ್ವಿಚ್ 2 ಅನ್ನೋ ಹೊಸ ಗೇಮ್ ಮೆಷಿನ್ನು ಬಿಡುಗಡೆ ಆಯ್ತು. ನಮ್ಮ ದೇಶದಲ್ಲಿ ಆ ಕಂಪನಿಯವರು ನೇರವಾಗಿ ಮಾರಲ್ಲ. ಅದಕ್ಕೇ ಜುಲೈನಲ್ಲಿ ಅಮೆರಿಕದಿಂದ ಬರೋ ಸ್ನೇಹಿತನಿಗೆ ಈಗ್ಲೇ ಹೇಳಿಟ್ಟಿದಾನೆ. ಬಿಡುಗಡೆ ಹೊತ್ತಿಗೆ ಅಲ್ಲಿ 449.99 ಡಾಲರ್ ಇತ್ತು, ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 38 ಸಾವಿರ. ಅವನು ದುಡಿದ ದುಡ್ಡು, ನಾನೇನೂ ಬೇಡ ಅನ್ನಲ್ಲ. ನಿಜ ಹೇಳ್ಬೇಕು ಅಂದ್ರೆ ನಾನೂ ಕಾಯ್ತಾ ಇದೀನಿ.

ಯಾಕಂದ್ರೆ ಮಾರಿಯೋ ನನಗೆ ಹೊಸಬನಲ್ಲ ಕಣ್ರೀ. 1998ರ ಬೇಸಿಗೆ ರಜಕ್ಕೆ ನಮ್ಮೆಜಮಾನ್ರು ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟಿಗೆ ಹೋಗಿ ಒಂದು ಟಿವಿ ಗೇಮ್ ತಂದಿದ್ರು. ಜಪಾನಿನಲ್ಲಿ ನಿಂಟೆಂಡೋದವರು 1983ರಲ್ಲಿ ಮಾಡಿದ ಫ್ಯಾಮಿಕಾಮ್ ಅನ್ನೋದರ ಡೂಪ್ಲಿಕೇಟು. ಎರಡು ರಿಮೋಟು, ಒಂದು ಬಂದೂಕು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿತ್ತು. ಹಾಕಿ ನೋಡಿದ್ರೆ ಇದ್ದಿದ್ದು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರೋದು. ಉಪ್ಪಿಟ್ಟಿಗೇ ಖಾರಾಬಾತ್ ಅಂತ ಹೆಸರಿಟ್ಟು ಇನ್ನೊಂದ್ಸಲ ಬಡಿಸಿದ ಹಾಗೆ.

ಸ್ಕೂಲು ಶುರುವಾದ್ಮೇಲೆ, ಮಗ ಸ್ಕೂಲಿಗೆ, ಇವರು ಆಫೀಸಿಗೆ ಹೊರಟ್ರೆ ಮನೇಲಿ ನಾನು, ಮಾರಿಯೋ ಇಬ್ಬರೇ. ಕುಕ್ಕರ್ ಮೂರು ಸಲ ಕೂಗೋಷ್ಟರಲ್ಲಿ ಮೊದಲ ಲೋಕದ ಎರಡನೇ ಸ್ಟೇಜಿಗೆ ಬಂದಿರ್ತಿದ್ದೆ. ಅಲ್ಲಿ ಚಾವಣಿ ಮೇಲೆ ಹತ್ತಿ ಕೊನೇವರೆಗೂ ಓಡಿದ್ರೆ ಮೂರು ಪೈಪು ಸಿಗ್ತವೆ, ಒಂದರೊಳಗೆ ಇಳಿದ್ರೆ ಸೀದಾ ನಾಲ್ಕನೇ ಲೋಕ. ಅದನ್ನ ನಮ್ಮನೇಲಿ ಮೊದಲು ಕಂಡುಹಿಡಿದವಳು ನಾನು! ಒಟ್ಟು 32 ಸ್ಟೇಜು. ಇವತ್ತಿಗೆ ಸಾಕು, ಮಿಕ್ಕಿದ್ದು ನಾಳೆ ಅನ್ನೋ ಹಾಗಿಲ್ಲ. ಕರೆಂಟ್ ಹೋದ್ರೆ ಮತ್ತೆ ಮೊದಲಿಂದ.

ಹೊಸದು ಬರೋವರೆಗೂ ಕೈ ಕಟ್ಟಿ ಕೂರೋಕಾಗದೆ ಮಗ ಹೋದ ವಾರ ಅಟ್ಟ ಹತ್ತಿದ್ದ. ದಸರಾ ಬೊಂಬೆ ಟ್ರಂಕಿನ ಹಿಂದೆ ಎರಡು ವಸ್ತು ಸಿಕ್ಕವು. ಒಂದು ನಮ್ಮತ್ತೆಯವರ ಚೌಕಾಬಾರದ ಮಣೆ, ಕವಡೆ ಗಂಟಿನ ಸಮೇತ. ಇನ್ನೊಂದು ಈ ಟಿವಿ ಗೇಮ್. ಆಗೆಲ್ಲ ಕ್ಯಾಸೆಟ್ ಓಡದಿದ್ರೆ ಉಫ್ ಅಂತ ಊದೋದು ಊರಿಗೆಲ್ಲ ಗೊತ್ತಿದ್ದ ಔಷಧಿ. ಊದಿದ್ರೆ ಬಾಯಿನ ತೇವ ಹೋಗಿ ಪಿನ್ನಿಗೆ ಕೂರತ್ತೆ, ತುಕ್ಕು ಹಿಡಿಯತ್ತೆ. ಹತ್ತೀಲಿ ಸ್ಪಿರಿಟ್ ಅದ್ದಿ ಒರೆಸಿ, ಒಣಗಿಸಿ ಹಾಕ್ಬೇಕು. ಹಾಗೇ ಮಾಡಿದ್ವಿ. 27 ವರ್ಷದ ಹಳೇ ಕ್ಯಾಸೆಟ್ಟು, ಸ್ವಿಚ್ ಒತ್ತಿದ ತಕ್ಷಣ ಆ ಟ್ಯೂನು! ಒಳಗೆ ಬಣ್ಣ ಹಚ್ಚುತ್ತಾ ಕೂತಿದ್ದ ಆರು ವರ್ಷದ ಮೊಮ್ಮಗಳು ಪೆನ್ಸಿಲ್ ಬಿಟ್ಟು ಓಡಿಬಂದ್ಲು. ಇದು ಮನೆಗೆ ಬಂದಾಗ ಅವಳಪ್ಪನಿಗೂ ಆರೇ ವರ್ಷ.

1985ರಲ್ಲಿ ಶಿಗೆರು ಮಿಯಾಮೊಟೋ ಮತ್ತವರ ಜೊತೆಯವರು ಮಾಡಿದ ಆ ಪೂರ್ತಿ ಆಟ ಬರೀ 40 ಕಿಲೋಬೈಟ್. ಬೆಳಗ್ಗೆ ವಾಟ್ಸಾಪಲ್ಲಿ ಬರೋ ಒಂದು ಶುಭೋದಯದ ಫೋಟೋನೇ ಅದಕ್ಕಿಂತ ದೊಡ್ಡದಿರತ್ತೆ. ಜಾಗ ಉಳಿಸೋಕೆ ಆಕಾಶದ ಮೋಡ, ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ. ಬಿಳಿ ಹಚ್ಚಿದ್ರೆ ಮೋಡ, ಹಸಿರು ಹಚ್ಚಿದ್ರೆ ಪೊದೆ. ಒಂದೇ ಹಿಟ್ಟಲ್ಲಿ ದೋಸೇನೂ ಪಡ್ಡೂ ಮಾಡೋ ನಮಗೆ ಈ ಲೆಕ್ಕ ಗೊತ್ತಿಲ್ವಾ?

ಬಾತುಕೋಳಿ ಹೊಡೆಯೋ ಆಟ ಮಾತ್ರ ನಡೀಲಿಲ್ಲ. ಬಂದೂಕಿಂದ ಗುಂಡೇನೂ ಹೋಗಲ್ಲ, ಅದರ ಬಾಯಲ್ಲಿರೋದು ಬೆಳಕು ನೋಡೋ ಕಣ್ಣು. ಕುದುರೆ ಒತ್ತಿದ ಕ್ಷಣ ಟಿವಿ ಪೂರ್ತಿ ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಒಂದು ಬಿಳೀ ಚೌಕ ಮಿಂಚಿ ಹೋಗತ್ತೆ. ಬಂದೂಕಿಗೆ ಆ ಬೆಳಕು ಕಂಡ್ರೆ ಕೋಳಿ ಸತ್ತ ಹಾಗೆ. ಇದೆಲ್ಲ ಹಳೇ ಡಬ್ಬಾ ಟಿವಿಯ ಮಿಣುಕಿಗೆ ಹೊಂದಿಸಿದ ಲೆಕ್ಕ. ಈಗಿನ ಎಲ್‌ಇಡಿ ಟಿವಿ ಆ ಥರ ಮಿಣುಕಲ್ಲ, ಚಿತ್ರ ತೋರಿಸೋದೂ ಒಂದು ಚೂರು ತಡ. ಹಾಗಾಗಿ ಬಂದೂಕು ಕುರುಡು. ಡಬ್ಬಾ ಟಿವಿ ಇನ್ನೂ ನಮ್ಮ ಹಿಂದಿನ ರೂಮಲ್ಲಿದೆ. ಅದನ್ನ ಗುಜರಿಗೆ ಹಾಕ್ಬೇಕು ಅಂತ ಇವರು ಯುಗಾದಿಯಿಂದ ಹೇಳ್ತಿದಾರೆ.

ಆಮೇಲೆ ಮಗ ಹೊಸ ಮೆಷಿನ್ನಿನ ವಿಷಯ ಹೇಳ್ತಾ ಹೇಳ್ತಾ ಒಂದು ಮಾತಂದ. ಹೊಸದರಲ್ಲಿ ಕೆಲವು ಕಂಪನಿಯವರ ಆಟ 'ಗೇಮ್ ಕೀ ಕಾರ್ಡ್' ಅನ್ನೋ ರೂಪದಲ್ಲಿ ಬರತ್ತಂತೆ. ಅಂದ್ರೆ ಡಬ್ಬದಲ್ಲಿ ಕಾರ್ಡೇನೋ ಇರತ್ತೆ, ಕಾರ್ಡಲ್ಲಿ ಆಟ ಇರಲ್ಲ, ಬೀಗದ ಕೈ ಮಾತ್ರ. ಆಟನ ಇಂಟರ್ನೆಟ್ಟಿಂದ ಇಳಿಸ್ಕೋಬೇಕು.

"ಅಲ್ಲ ಕಣೋ, ಇಪ್ಪತ್ತೈದು ವರ್ಷ ಆದ್ಮೇಲೆ ಆ ಕಡೆಯವರು ಅಂಗಡಿ ಮುಚ್ಚಿದ್ರೆ?" ಅಂದೆ.

"ಹಳೇ ಮೆಷಿನ್ನಿಂದು ಆಗಲೇ ಮುಚ್ಚಿದಾರಮ್ಮ," ಅಂದ. 3ಡಿಎಸ್, ವೀ ಯು ಅಂತ ಎರಡು ಇದ್ವಂತೆ. ಅವುಗಳ ಆನ್‌ಲೈನ್ ಅಂಗಡೀಲಿ 2023ರ ಮಾರ್ಚ್ 27ರಿಂದ ಹೊಸ ಆಟ ಕೊಳ್ಳೋ ಹಾಗಿಲ್ಲ.

ಹಳೇ ಮಾರಿಯೋನ ಹೊಸ ಮೆಷಿನ್ನಲ್ಲೂ ಆಡಬಹುದಂತೆ, ಅದಕ್ಕೆ ಚಂದಾ ಕಟ್ತಾ ಇರ್ಬೇಕು. ಕಟ್ಟೋದು ನಿಲ್ಲಿಸಿದ್ರೆ ಆಟವೂ ನಿಂತ್ಹೋಗತ್ತೆ. ಬನಶಂಕರೀಲಿ ಹನ್ನೊಂದು ವರ್ಷ ಬಾಡಿಗೆ ಮನೇಲಿದ್ದವಳು ನಾನು, ಬಾಡಿಗೆಗೂ ಸ್ವಂತಕ್ಕೂ ಇರೋ ವ್ಯತ್ಯಾಸ ಯಾರೂ ಹೇಳಿಕೊಡ್ಬೇಕಿಲ್ಲ.

ಹೊಸದು ಕೆಟ್ಟದ್ದು ಅಂತ ಹೇಳ್ತಿಲ್ಲ. ಮಗನ ಹತ್ರ 2017ರಲ್ಲಿ ಬಂದ ಹಳೇ ಸ್ವಿಚ್ ಇದೆ. ಅದರ ಕಾರ್ಡುಗಳಿಗೆ, ಮಕ್ಕಳು ಬಾಯಿಗೆ ಹಾಕ್ಕೊಂಡ್ರೆ ಉಗೀಲಿ ಅಂತ ಕಹಿ ಲೇಪ ಹಚ್ಚಿರ್ತಾರೆ. ಅಷ್ಟು ಯೋಚನೆ ಮಾಡೋ ಜನ ಅವರು. ಆ ಕಾರ್ಡುಗಳು ಬಹುಪಾಲು ಸ್ವಿಚ್ 2ರಲ್ಲೂ ಓಡತ್ವಂತೆ, ಅದು ಸಂತೋಷ. ಅಷ್ಟಕ್ಕೂ ಈ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಶುರುವಾಗಿದ್ದು ಹೂವಿನ ಚಿತ್ರದ ಇಸ್ಪೀಟೆಲೆ ಮಾಡ್ತಾ. ಎಲೆ ಒಂದ್ಸಲ ಕೊಂಡ್ರೆ ಆಯ್ತು, ನೂರು ವರ್ಷ ಆಡಿದ್ರೂ ಯಾರನ್ನೂ ಕೇಳ್ಬೇಕಿಲ್ಲ. ನಮ್ಮತ್ತೆ ಮಣೆಯೂ ಹಾಗೇ. ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು, ಮೊನ್ನೆ ಭಾನುವಾರ ಅವರ ಮರಿಮಗಳು ಅದೇ ಕವಡೇಲಿ ಎಂಟು ಹಾಕಿದ್ಲು.

ಹಾಗಾಗಿ ಮಗನಿಗೆ ಒಂದೇ ಮಾತು ಹೇಳಿದೀನಿ. ಹತ್ತು ಕೀ ಕಾರ್ಡ್ ತರೋ ಬದಲು, ಆಟ ಪೂರ್ತಿ ಒಳಗೇ ಇರೋ ಎರಡು ಕಾರ್ಡ್ ತಗೋ. ಯಾವುದು ಎಂಥದ್ದು ಅಂತ ಡಬ್ಬದ ಮುಂದೇನೇ ಬರೆದಿರತ್ತಂತೆ, ದುಡ್ಡು ಕೊಡೋ ಮುಂಚೆ ಓದು. ಅವನು ನಕ್ಕ. ಆದ್ರೂ ಸ್ನೇಹಿತನಿಗೆ ಕಳಿಸಿದ ಪಟ್ಟೀಲಿ ಮೂರು ಹೆಸರು ಹೊಡೆದುಹಾಕಿ 'ಮಾರಿಯೋ ಕಾರ್ಟ್ ವರ್ಲ್ಡ್' ಮಾತ್ರ ಉಳಿಸಿದಾನೆ. ಅದು ಪೂರ್ತಿ ಕಾರ್ಡಲ್ಲೇ ಬರತ್ತಂತೆ.

ಡಬ್ಬಾ ಟಿವಿ ಗುಜರಿಗೆ ಹೋಗೋದೂ ಸದ್ಯಕ್ಕೆ ನಿಂತಿದೆ. ಧೂಳು ಒರೆಸಿ ಪ್ಲಗ್ ಹಾಕಿದ್ರೆ ಹತ್ತಿಕೊಳ್ತು. ಮೊದಲ ಬಾತುಕೋಳಿ ಹೊಡೆದವರು ಯಾರು ಅಂತೀರಾ? ಇವರೇ, ನಮ್ಮೆಜಮಾನ್ರು.