ಓ-ಯು-ಜಿ-ಎಚ್ ಅನ್ನೋ ನಾಕು ಅಕ್ಷರ

ಅಕ್ಕಾರ, ವೈನಿಯಾರ, ಸಂಜೀಮುಂದ ಮಕ್ಕಳನ್ನ ಅಭ್ಯಾಸಕ್ಕ ಕುಂಡ್ರಿಸೋ ಹೊತ್ತಿನ್ಯಾಗ ನಮ್ಮ ಓಣ್ಯಾಗ ಯಾವ ಮನಿ ಮುಂದ ಹಾದ್ರೂ ಈ ಮಾತು ಕಿವೀಗಿ ಬೀಳತೈತಿ: "ಯವ್ವಾ, ನಿನಗ ಇಂಗ್ಲೀಷ್ ಬರೂದಿಲ್ಲ, ನೀ ಸುಮ್ನಿರು." ಅಷ್ಟ ಅಂದಕೂಡ್ಲೆ ಅವ್ವ ಎದ್ದು ಒಲಿ ಕಡೆ ಹೋಗತಾಳ. ಹಂಗ ಎದ್ದು ಹೋಗಬ್ಯಾಡ್ರಿ ಅಂತ ಹೇಳಾಕ ಇದನ್ನ ಬರಿಯಾಕತ್ತೀನಿ.

ಮಕ್ಕಳು ಹೆಚ್ಚಾಗಿ ಎಡವೂದು ಓ, ಯು, ಜಿ, ಎಚ್ ಅನ್ನೋ ನಾಕು ಅಕ್ಷರ ಕೂಡಿ ಬಂದಲ್ಲಿ. ಬರಿಯೂದು ಒಂದ ನಮೂನಿ, ಅನ್ನೂದು ಹತ್ತು ನಮೂನಿ. ನಾವು ಬ್ಯಾಳಿ ಡಬ್ಬಿ ಬ್ಯಾರೆಬ್ಯಾರೆ ಇಟ್ಟಂಗ ಇವನ್ನೂ ಐದು ಡಬ್ಬಿ ಮಾಡಿದ್ರ ಸಲೀಸ ಆಗತೈತಿ. ಮೊದಲನೇ ಡಬ್ಬಿಯೊಳಗ ಕಡೀಕ 'ಫ್' ಅನ್ನೋವು: ಕಾಫ್, ರಫ್, ಟಫ್, ಇನಫ್, ಟ್ರಾಫ್. ಎರಡನೇದ್ರಾಗ 'ಔ': ಪ್ಲೌ, ಬೌ, ಡ್ರೌಟ್. ಮೂರನೇದ್ರಾಗ 'ಓ': ಡೋ, ದೋ. ನಾಕನೇದ್ರಾಗ 'ಊ' ಅನ್ನೋದು ಥ್ರೂ. ಐದನೇದ್ರಾಗ ಹಿಂದ ಟಿ ಹಚ್ಚಿಕೊಂಡು ಬರೋವು: ಬಾಟ್, ಬ್ರಾಟ್, ಥಾಟ್, ಫಾಟ್.

ಈಗ ಇವುಗಳ ಅರ್ಥ ನೋಡ್ರಿ. ಕಾಫ್ ಅಂದ್ರ ಕೆಮ್ಮು. ಟ್ರಾಫ್ ಅಂದ್ರ ದನಕ್ಕ ನೀರು ಕುಡಿಸೋ ಡೋಣಿ. ಪ್ಲೌ ಅಂದ್ರ ನೇಗಿಲ. ಬೌ ಅಂದ್ರ ಗಿಡದ ಟೊಂಗಿ. ಡ್ರೌಟ್ ಅಂದ್ರ ಬರಗಾಲ. ನಮ್ಮೂರ ಹೆಸರಿನ ತುಬಚಿ-ಬಬಲೇಶ್ವರ ಏತ ನೀರಾವರಿ ಕಟ್ಟಿದ್ದು ಈ ಡ್ರೌಟ್ ಸಲುವಾಗೇ ಅಲ್ಲೇನ್ರಿ? ಬಾಟ್ ಅಂದ್ರ ಕೊಂಡದ್ದು, ಬ್ರಾಟ್ ಅಂದ್ರ ತಂದದ್ದು, ಇನಫ್ ಅಂದ್ರ ಸಾಕು. ಡೋ ಅಂದ್ರ ನಾದಿದ ಹಿಟ್ಟು. ಇವು ಆಫೀಸಿನ ಮಾತಲ್ಲ, ಹೊಲ, ಹಕ್ಕಿ, ಒಲಿ ಮುಂದಿನ ಮಾತು. ಮಗನಿಗಿಂತ ಅವನ ಅವ್ವಗ ಇವು ಹೆಚ್ಚು ಗೊತ್ತು.

ಡೋ ಅನ್ನೋದರ ಬಗ್ಗೆ ಇನ್ನೊಂದು ಮಾತು. ನಾವು ಬಸ್ಸಿನ್ಯಾಗ ಓದತೀವಲ್ಲ, ಲೇಡೀಸ್ ಅಂತ, ಆ ಲೇಡಿ ಅನ್ನೋ ಮಾತು ಹಳೇ ಇಂಗ್ಲೀಷಿನ್ಯಾಗ ಎರಡು ಮಾತು ಕೂಡಿ ಹುಟ್ಟಿದ್ದು. ಮೊದಲನೇದು ರೊಟ್ಟಿ, ಎರಡನೇದು ನಾದಾಕಿ. ಆ ಎರಡನೇ ಮಾತು ಡೋಗ ಬಳಗ. ಲೇಡಿ ಅಂದ್ರ ರೊಟ್ಟಿ ಹಿಟ್ಟು ನಾದಾಕಿ! ದೊಡ್ಡ ಮನಿ ದೊರೆಸಾನಿಗೂ ಅದ ಹೆಸರು ಬಂತು.

ಇಷ್ಟು ನಮೂನಿ ಯಾಕ ಆತು? ಆ ಜಿ-ಎಚ್ ಜಾಗಾದಾಗ ಹಿಂದಕ ಗಂಟಲ ಕೆರದಂಗ 'ಖ್' ಅಂತ ಸಪ್ಪಳ ಇತ್ತು. ಜರ್ಮನ್ ಮಂದಿ ರಾತ್ರಿಗೆ 'ನಾಖ್ಟ್' ಅಂತ ಈಗೂ ಹಂಗ ಅಂತಾರ. ಇಂಗ್ಲೀಷಿನವರದು 'ನೈಟ್' ಆಗಿ ಸಪ್ಪಳ ಹೋತು, ಅಕ್ಷರ ಉಳೀತು. ವಿಲಿಯಂ ಕ್ಯಾಕ್ಸ್‌ಟನ್ ಅನ್ನಾವ 1476ರಾಗ ಇಂಗ್ಲೆಂಡಿನ ಮೊದಲನೇ ಛಾಪಖಾನಿ ಹಾಕಿದ. ಮುಂದ ಪುಸ್ತಕದಾಗ ಕಾಗುಣಿತ ಗಟ್ಟಿ ಆಗಿ ಕುಂತಿತು, ಬಾಯಿ ಮಾತ್ರ ನಡಕೊಂತ ಹೋತು. ಕೆಲವು ಸೀಮಿಯೊಳಗ 'ಖ್' ಹೋಗಿ 'ಫ್' ಆತು, ಕೆಲವು ಕಡೆ ಪೂರಾ ಹೋತು. ನಮ್ಮಲ್ಲಿ 'ಐತಿ', ಕಲಬುರಗಿ ಕಡೆ 'ಅದ', ಮೈಸೂರ ಕಡೆ 'ಇದೆ' ಅಂದಂಗ.

ನಮ್ಮ ಕನ್ನಡನೂ ಸವದೈತಿ. ಹಾಲು ಹಿಂದಕ ಪಾಲ್ ಇತ್ತು, ಹಾವು ಪಾವು ಇತ್ತು. ಮಳೆ, ಬಾಳೆ, ಕೋಳಿ ಬರಿಯಾಕ 'ಳ' ಅಲ್ಲ, 'ೞ' ಅನ್ನೋ ಬ್ಯಾರೇ ಅಕ್ಷರ ಇತ್ತು. ನಮ್ಮ ಮುಧೋಳದ ಬಳೆಗಾರರ ಮನಿ ಮಗ ರನ್ನ ಸಾವಿರ ವರ್ಷದ ಹಿಂದ ಕಾವ್ಯ ಬರಿಯೋ ಮುಂದ ಆ ಅಕ್ಷರ ಬಳಕೀಯೊಳಗಿತ್ತು. ಬಾಯಿ ಬಿಟ್ಟ ಮ್ಯಾಲ ನಾವು ಅಕ್ಷರಾನೂ ಬಿಟ್ಟೀವಿ, ಇಂಗ್ಲೀಷಿನವರು ಬಿಡಲಿಲ್ಲ. ಅಮೆರಿಕಾದವರು ಮಾತ್ರ ಪ್ಲೌ ಅನ್ನೋದನ್ನ ಪಿ-ಎಲ್-ಓ-ಡಬ್ಲ್ಯು ಅಂತ ಸಣ್ಣದು ಮಾಡಿಕೊಂಡಾರ.

ಹಂಗಾಗಿ ತಪ್ಪು ಬರದ ಮಗೂಗ "ದಡ್ಡ" ಅನಬ್ಯಾಡ್ರಿ. ಕಿವಿಗೆ ಕೇಳಿದಂಗ ಬರದೈತಿ, ಕಿವಿ ಚಲೋ ಐತಿ ಅಂತ ಅರ್ಥ. ಹಳೇ ಕ್ಯಾಲೆಂಡರಿನ ಹಿಂದ ಐದು ಡಬ್ಬಿ ಗೆರಿ ಕೊರದು, ಒಂದೊಂದು ಮಾತು ಬಂದಂಗ ಅದರದರ ಡಬ್ಬಿಗೆ ಹಾಕಸ್ರಿ. ಸ್ಪೆಲ್ಲಿಂಗ್ ಅದು ಹೇಳಲಿ, ಅರ್ಥ ನೀವು ಹೇಳ್ರಿ. ರೊಟ್ಟಿ ಬಡಿಯೋ ಮುಂದನೂ ಇದು ಆಗತೈತಿ, ಹಿಟ್ಟು ತೋರಿಸಿ "ಇದಕ್ಕೇನಂತಾರ?" ಅಂತ ಕೇಳಿದ್ರ ಸಾಕು.