ಇಡ್ಲಿ ಹಿಟ್ಟಿಗೊಂದು ಥರ್ಮಾಮೀಟರು

ಮೇ ತಿಂಗಳ ಮುಂಬಯಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರಿಸೋದು ಕಷ್ಟವಲ್ಲ, ಬಂದ ಹುಳಿಯನ್ನು ನಿಲ್ಲಿಸೋದು ಕಷ್ಟ. ಊರ ಕಡೆಯವರಿಗೆ ಇದು ತಮಾಷೆ ಅನ್ನಿಸಬಹುದು. ಕೊಪ್ಪದಲ್ಲಿ ಮಾಗಿ ಚಳಿಗೆ ಅಮ್ಮ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿ ಒಲೆಯ ಪಕ್ಕ ಮಲಗಿಸುತ್ತಿದ್ದಳು. ಇಲ್ಲಿ ಡೊಂಬಿವಲಿಯಲ್ಲಿ ಮೇ ರಾತ್ರಿಯೂ ಸೆಕೆ ಇಳಿಯೋದಿಲ್ಲ. ರಾತ್ರಿ ಹತ್ತಕ್ಕೆ ನಮ್ಮ ಅಡುಗೆಮನೆಯಲ್ಲಿ 32 ಡಿಗ್ರಿ.

ನನ್ನಾಕೆ ನಾಲ್ಕು ವರ್ಷದಿಂದ ಹಿಟ್ಟು ರುಬ್ಬಿ ಮಾರುತ್ತಾಳೆ. ದಿನಕ್ಕೆ 8 ಕಿಲೋ, ನಮ್ಮದೂ ಪಕ್ಕದ್ದೂ ಬಿಲ್ಡಿಂಗು ಸೇರಿ 16 ಮನೆಗೆ. ಮಗಳ ಕಾಲೇಜು ಫೀಸಿನ ಒಂದು ಪಾಲು ಅದರಿಂದಲೇ ಬರೋದು. ಹೋದ ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಹಿಟ್ಟು ಉಕ್ಕಿ, ಆರಕ್ಕೆ ಹಂಚುವಷ್ಟರಲ್ಲಿ ಮೂಗಿಗೆ ಹೊಡೆಯುವಂಥ ಹುಳಿ. ಒಂದೇ ವಾರದಲ್ಲಿ ಐದು ಮನೆಯವರು ಅಂಗಡಿಯ ಪ್ಯಾಕೆಟ್ಟಿಗೆ ಹೋದರು.

"ರೀ, ರುಬ್ಬಿದ ಕೂಡ್ಲೇ ಫ್ರಿಜ್ಜಿಗೆ ಇಟ್ಬಿಡ್ಲಾ?" ಅಂದಳು.

ಇಟ್ಟರೆ ಹಿಟ್ಟು ಉಬ್ಬುವುದೇ ಇಲ್ಲ. ಹಿಟ್ಟನ್ನು ಉಬ್ಬಿಸೋದು ಲ್ಯೂಕನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ, ಉದ್ದಿನ ಜೊತೆಗೇ ಬರುವಂಥದ್ದು. ಗ್ಯಾಸನ್ನೂ ಅದೇ ಮಾಡುತ್ತದೆ, ಹುಳಿಯನ್ನೂ ಮಾಡುತ್ತದೆ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಅದು ನಿದ್ದೆ ಹೋಗುತ್ತದೆ. ನಮಗೆ ಬೇಕಾದದ್ದು 26ರ ಆಸುಪಾಸು. ಫ್ರಿಜ್ಜಿನ ಸ್ವಂತ ನಾಬ್ ಅಷ್ಟು ಮೇಲಕ್ಕೆ ಹೋಗೋದೇ ಇಲ್ಲ.

ಬಾಲ್ಕನಿಯಲ್ಲಿ ಹಳೇ 165 ಲೀಟರಿನ ಫ್ರಿಜ್ಜು ಬಿದ್ದಿತ್ತು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಎಸ್‌ಟಿಸಿ-1000 ಅನ್ನುವ ಕಂಟ್ರೋಲರ್ ಕೇಳಿದೆ. ಅಂಗಡಿಯವ ನನ್ನ ಬ್ಯಾಂಕಿನ ಬ್ಯಾಗು, ನರೆತ ಕೂದಲು ನೋಡಿ, "ಬಿಯರ್ ಕೆ ಲಿಯೇ, ಸಾಬ್?" ಅಂದ. ಮನೆಯಲ್ಲೇ ಬಿಯರ್ ಹುದುಗಿಸುವ ಹವ್ಯಾಸ ದೇಶ ವಿದೇಶದಲ್ಲಿ ಉಂಟಲ್ಲ, ಅವರಿಗೆ ಇದು ಅಚ್ಚುಮೆಚ್ಚಿನ ಪೆಟ್ಟಿಗೆ. ಏಲ್ ಎಂಬ ಬಿಯರಿಗೆ 18-20 ಡಿಗ್ರಿ, ಲಾಗರಿಗೆ 10-12. "ಇಡ್ಲಿ ಕೆ ಲಿಯೇ" ಅಂದೆ. ಅವ ನಂಬಲಿಲ್ಲ ಅನ್ಸುತ್ತೆ.

ಕೆಲಸ ಸರಳ. ಫ್ರಿಜ್ಜಿನ ನಾಬನ್ನು ಪೂರ್ತಿ ತಂಪಿಗೆ ತಿರುಗಿಸಿಡೋದು, ಕರೆಂಟು ಕೊಡೋದು ಬಿಡೋದು ಕಂಟ್ರೋಲರಿನ ಪಾಲು. ವೈರಿಂಗನ್ನು ಬಿಲ್ಡಿಂಗಿನ ಇಲೆಕ್ಟ್ರಿಷಿಯನ್ನೇ ಮಾಡಿದ. 26 ಅಂತ ಇಟ್ಟು, ವ್ಯತ್ಯಾಸ 1 ಅಂತ ಕೊಟ್ಟರೆ 27ಕ್ಕೆ ಚಾಲೂ, 26ಕ್ಕೆ ಬಂದ್. ಬಂದಾದ ಕೂಡಲೇ ಕಂಪ್ರೆಸರ್ ಮತ್ತೆ ಶುರುವಾಗಬಾರದು, ಒಳಗಿನ ಒತ್ತಡ ಇಳಿಯದೆ ಮೋಟಾರು ಒದ್ದಾಡುತ್ತದೆ. ಅದಕ್ಕೇ 3 ನಿಮಿಷದ ತಡೆ.

ಅಳತೆಯನ್ನೇ ಮೊದಲು ಅಳೆಯಬೇಕು. ಬ್ಯಾಂಕಿನವನ ಚಾಳಿ ಅನ್ನಿ, ತಾಳೆಯಾಗದ ಅಂಕಿ ಕಂಡರೆ ನಿದ್ದೆ ಬರೋದಿಲ್ಲ. ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ, ಸ್ವಲ್ಪ ನೀರು, ಅದರೊಳಗೆ ಸೆನ್ಸರ್. 0 ತೋರಿಸಬೇಕು, ನಮ್ಮದು 1.2 ತೋರಿಸಿತು. ತಿದ್ದಲು ಅದರಲ್ಲೇ ಸೌಕರ್ಯವಿದೆ.

ಇನ್ನು ಸೆನ್ಸರ್ ಎಲ್ಲಿರಬೇಕು ಅನ್ನೋದೇ ದೊಡ್ಡ ವಿಷಯ. ಫ್ರಿಜ್ಜಿನ ಗಾಳಿ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಗ್ರೈಂಡರಿನಿಂದ ಬಂದ ಹಿಟ್ಟು 34 ಡಿಗ್ರಿ, ಗಟ್ಟಿಯಾದದ್ದು, ನೀರಿನ ಹಾಗೆ ಒಳಗೊಳಗೇ ಓಡಾಡಿ ತಂಪಾಗುವುದಿಲ್ಲ. ಗಾಳಿಯನ್ನು ನಂಬಿದರೆ ಮೀಟರು 26 ಅಂದಾಗ ಪಾತ್ರೆಯ ನಡುವೆ ಇನ್ನೂ 32 ಇರುತ್ತದೆ. ಬಿಯರಿನವರು ಸೆನ್ಸರನ್ನು ಪಾತ್ರೆಯ ಮೈಗೆ ಅಂಟಿಸಿ ಮೇಲೆ ಥರ್ಮಾಕೋಲ್ ಕಟ್ಟುತ್ತಾರೆ. ನಾವೂ ಹಾಗೇ ಮಾಡಿದೆವು, ಜೊತೆಗೆ 8 ಕಿಲೋವನ್ನು ನಾಲ್ಕು ಪಾತ್ರೆಗೆ ಹಂಚಿದೆವು. ರುಬ್ಬುವಾಗ ಐಸ್ ನೀರು. ಮಲಗುವ ಮುಂಚೆ ಒಮ್ಮೆ ಕೈಯಲ್ಲಿ ತಿರುವಿದರೆ ಅಂಚಿನ ತಂಪು ನಡುವಿಗೂ ಹೋಗುತ್ತದೆ. ಈ ತಿರುವುವ ಕೆಲಸ ಅಮ್ಮನದ್ದು, ಬೇರೆಯವರು ಕೈ ಹಾಕುವಂತಿಲ್ಲ!

ಈ ಮೇನಲ್ಲಿ ಹಿಟ್ಟು ಆರು ಗಂಟೆಗೇ ಸರಿಯಾಗಿ ಉಬ್ಬಿ ನಿಂತಿತ್ತು. ಹೋದ ಐದರಲ್ಲಿ ಮೂರು ಮನೆ ವಾಪಸ್ಸು. ಉಳಿದೆರಡು ಮನೆಯವರಿಗೆ ಪ್ಯಾಕೆಟ್ಟೇ ಅಭ್ಯಾಸವಾಗಿದೆ, ಲಿಫ್ಟಿನಲ್ಲಿ ಸಿಕ್ಕರೆ ನನ್ನಾಕೆಯನ್ನು ನೋಡಿ ಮೊಬೈಲು ತೆಗೆಯುತ್ತಾರೆ.

ಡಿಸೆಂಬರಿನಲ್ಲಿ ಇಲ್ಲೂ ಕೆಲವು ರಾತ್ರಿ 16-17ಕ್ಕೆ ಇಳಿಯುವುದುಂಟು. ಕಂಟ್ರೋಲರಿನಲ್ಲಿ ಬಿಸಿ ಮಾಡುವ ಕಡೆಗೂ ಒಂದು ಸ್ವಿಚ್ಚಿದೆ. ಅದಕ್ಕೆ ಹಳೇ ಕಾಲದ 40 ವಾಟಿನ ಬಲ್ಬು ಹುಡುಕುತ್ತಿದ್ದೇನೆ. ಅಮ್ಮ ಮಾತ್ರ ಟ್ರಂಕಿನಿಂದ ಕಂಬಳಿ ತೆಗೆದು ಬಿಸಿಲಿಗೆ ಹಾಕಿದ್ದಾಳೆ.